ಹಿಮಸಮುದ್ರದಲ್ಲಿ ಒಂದು ಸಕುಟುಂಬ ಯಾತ್ರೆ

ವಿಶ್ವಾಮಿತ್ರ ಮಹರ್ಷಿಯು ಯಾಗಸಂರಕ್ಷಣೆಗಾಗಿ ರಾಮಲಕ್ಷ್ಮಣರನ್ನು ಕರೆದುಕೊಂಡು ಹೊರಟಾಗ ರಾಮನಿಗೆ ಇನ್ನೂ ಹದಿನಾರು ವರ್ಷ ತುಂಬಿರಲಿಲ್ಲವೆಂದು ಆದಿಕವಿಯು ದಶರಥನ ಬಾಯಿಂದಲೇ ಹೇಳಿಸಿದ್ದಾನೆ. ಇಂದಿನ ಲೆಕ್ಕದಲ್ಲಿ ಅವನು ಪ್ರೌಢಶಾಲೆಯ ಹುಡುಗ. ಮೂವರೂ ದೋಣಿಯಲ್ಲಿ ಗಂಗೆಯನ್ನು ದಾಟುತ್ತಿರುವಾಗ ನಡುಹೊಳೆಯಲ್ಲಿ ಒಂದು ಭೋರ್ಗರೆತವು ಕೇಳಿಬರುತ್ತದೆ. ಇದೇನು ಶಬ್ದವೆಂದು ರಾಮನು ಕೇಳುತ್ತಾನೆ. ಕೈಲಾಸದಲ್ಲಿ ಬ್ರಹ್ಮನ ಮನಸ್ಸಿನಿಂದ ನಿರ್ಮಿತವಾದ ಸರೋವರವೊಂದುಂಟು, ಅದರಿಂದ ಹೊರಟ ಸರಯೂ ನದಿಯು ನಿನ್ನ ಅಯೋಧ್ಯೆಯನ್ನು ಬಳಸಿ ಬಂದು ಇಲ್ಲಿ ಗಂಗೆಯನ್ನು ಕೂಡುತ್ತದೆ, ಆ ನೀರಿನ ಸಂಘಟ್ಟನೆಯ ಶಬ್ದವಿದು ಎಂದು ಋಷಿಯು ತಿಳಿಸುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ; ಈ ನದಿಗಳಿಗೆ ನಮಸ್ಕಾರ ಮಾಡೆಂದು ಹೇಳುತ್ತಾನೆ. ಹುಡುಗರು ನಮಸ್ಕರಿಸಿದ ಮೇಲೆ ದೋಣಿಯು ದಕ್ಷಿಣತೀರಕ್ಕೆ ಸಾಗುತ್ತದೆ.

ಮಕ್ಕಳನ್ನು ದೇಶಾಟನೆಗೆ ಕರೆದೊಯ್ಯತಕ್ಕವರಿಗೆ ಬೇಕಾದ ಶಾಸ್ತ್ರವೆಲ್ಲವೂ ಈ ಪುಟ್ಟ ಪ್ರಸಂಗದಲ್ಲಿ ಅಡಗಿದೆಯೆಂದು ಈ ಲೇಖಕನ ನಂಬಿಕೆ. ಮೊದಲು ಪ್ರಶ್ನೆ, ಆಮೇಲೆ ಉತ್ತರ, ಕೊನೆಯಲ್ಲಿ ನಮಸ್ಕಾರ. ಮೂರರಲ್ಲಿ ಒಂದು ತಪ್ಪಿದರೂ ಯಾತ್ರೆಯು ಊನವಾಗುತ್ತದೆ. ಈ ಮಾತಿಗೆ ಉದಾಹರಣೆಯಾಗಿ, ಬಹು ದೂರದ ಒಂದು ಶೀತಪ್ರದೇಶದಲ್ಲಿ ೧೮೯೯ನೆಯ ಇಸವಿಯಲ್ಲಿ ನಡೆದ ಒಂದು ನೌಕಾಯಾತ್ರೆಯ ವೃತ್ತಾಂತವನ್ನು ನಮ್ಮ ಓದುಗರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದೆ.

ಇದಕ್ಕೆ ನಿಮಿತ್ತವೊಂದುಂಟು. ಅಮೆರಿಕದ ಸಿಯಾಟಲ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ಮಗಳು ಬೇಸಗೆಯ ರಜದಲ್ಲಿ ಮಕ್ಕಳೊಡನೆ ಅಲಾಸ್ಕಾ ತೀರದ ಹಡಗುಪ್ರವಾಸಕ್ಕೆ ಹೊರಡುವ ಮುನ್ನ ನನಗೆ ಕಾಗದ ಬರೆದಿದ್ದಳು. ಹುಡುಗಿಗೆ ಹದಿನೈದು ವರ್ಷ, ಹುಡುಗನಿಗೆ ಹದಿಮೂರು. "ಅಪ್ಪ, ಏಳು ದಿನ ನೀರನ್ನೂ ಮಂಜುಗಡ್ಡೆಯನ್ನೂ ನೋಡುತ್ತ ಕೂತಿರುವುದೇನು ಎಂದು ಇಬ್ಬರೂ ಮುಖ ಗಂಟಿಕ್ಕಿಕೊಂಡಿದ್ದಾರೆ. ನೀವು ಮೂವತ್ತು ವರ್ಷ ಹುಡುಗರನ್ನು ಊರೂರು ಸುತ್ತಿಸಿದವರು. ಇವರಿಗೆ ಏನು ಹೇಳಲಿ?" ಎಂಬುದು ಅವಳ ಪ್ರಶ್ನೆ. ಉತ್ತರ ಬರೆಯಲು ಕುಳಿತವನು ಆ ತೀರದ ಚರಿತ್ರೆಯನ್ನು ಓದತೊಡಗಿದೆನು. ಕಾಗದವು ಬೆಳೆದು ಲೇಖನವಾಯಿತು.

ಮೊದಲು ಆ ದೇಶದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಸಿಯಾಟಲಿನಿಂದ ವಾಯವ್ಯಕ್ಕೆ ಹೋದಂತೆ ಕರಾವಳಿಯು ಸಾವಿರಾರು ದ್ವೀಪಗಳಾಗಿ ಒಡೆದಿದೆ. ಆ ದ್ವೀಪಗಳಿಗೂ ಭೂಭಾಗಕ್ಕೂ ನಡುವೆ ಇರುವ ಶಾಂತವಾದ ನೀರಿನ ಹಾದಿಗೆ ಒಳದಾರಿಯೆಂದು ಹೆಸರು. ತೆರೆದ ಮಹಾಸಾಗರದ ಅಬ್ಬರವು ಅಲ್ಲಿಗೆ ಹೆಚ್ಚಾಗಿ ಬಾರದು. ಎರಡು ಕಡೆಯೂ ದೇವದಾರುವಿನಂಥ ಮರಗಳಿಂದ ನಿಬಿಡವಾದ ಬೆಟ್ಟಗಳು. ಅವುಗಳ ಬೆನ್ನಿಗೆ ಹಿಮಗಿರಿಗಳು. ಶತಮಾನಗಳ ಹಿಮವು ತನ್ನ ಭಾರದಿಂದ ತಾನೇ ಒತ್ತಲ್ಪಟ್ಟು, ಗಾಳಿಯನ್ನು ಹೊರಗೆಡವಿ, ಗಟ್ಟಿಯಾದ ಮಂಜುಗಡ್ಡೆಯಾಗಿ, ಕಣಿವೆಗಳಲ್ಲಿ ಅತಿ ಮಂದಗತಿಯಿಂದ ಕೆಳಕ್ಕೆ ಹರಿಯುತ್ತದೆ. ಇದನ್ನೇ ಹಿಮನದಿಯೆನ್ನುತ್ತೇವೆ. ದಪ್ಪನೆಯ ಮಂಜುಗಡ್ಡೆಯು ಬೆಳಕಿನಲ್ಲಿರುವ ಕೆಂಬಣ್ಣವನ್ನು ಹೀರಿ ನೀಲವನ್ನು ಬಿಡುವುದರಿಂದ ಅದು ನೀಲಮಣಿಯಂತೆ ತೋರುತ್ತದೆ. ಸಮುದ್ರಕ್ಕೆ ಬಂದು ಮುಟ್ಟಿದ ಹಿಮನದಿಯ ತುದಿಯು ಗೋಡೆಯಂತೆ ನಿಂತಿದ್ದು, ಆಗಾಗ್ಗೆ ಅದರಿಂದ ಮಹಾಶಿಲೆಗಳಂಥ ಗಡ್ಡೆಗಳು ಕಳಚಿ ಗುಡುಗಿನ ಶಬ್ದದೊಡನೆ ನೀರಿಗೆ ಬೀಳುತ್ತವೆ.

ಈ ತೀರವು ನಿರ್ಜನವಾಗಿರಲಿಲ್ಲ. ಟ್ಲಿಂಗಿಟ್ ಎಂಬ ಜನರು ಬಹು ಪ್ರಾಚೀನ ಕಾಲದಿಂದಲೂ ಅಲ್ಲಿ ವಾಸವಾಗಿದ್ದಾರೆ. ಮೀನುಗಾರಿಕೆಯಲ್ಲಿಯೂ ದೋಣಿ ಕಟ್ಟುವುದರಲ್ಲಿಯೂ ನಿಪುಣರು. ಕುಲಗೋತ್ರಗಳ ಮರ್ಯಾದೆಯಲ್ಲಿ ನಮ್ಮವರಿಗೆ ಕಡಮೆಯಲ್ಲದವರು. ತಮ್ಮ ಕುಲಚಿಹ್ನೆಗಳಾದ ಕರಡಿ, ಹದ್ದು, ಕಾಗೆ ಮೊದಲಾದವುಗಳ ರೂಪಗಳನ್ನು ಮಹಾವೃಕ್ಷಗಳ ಕಾಂಡಗಳಲ್ಲಿ ಕೆತ್ತಿ ಕಂಬಗಳನ್ನು ನಿಲ್ಲಿಸುವುದು ಅವರ ಸಂಪ್ರದಾಯ. ಅವುಗಳಲ್ಲಿ ಕೆಲವು ಮೃತರ ಸ್ಮಾರಕಗಳು, ಕೆಲವು ವಂಶಕಥೆಯ ಶಾಸನಗಳು. ನಮ್ಮಲ್ಲಿ ವೀರಗಲ್ಲು ಹೇಗೋ ಅವರಲ್ಲಿ ಆ ಕಂಬಗಳು ಹಾಗೆ.

೧೭೯೪ರಲ್ಲಿ ಆಂಗ್ಲ ನೌಕಾಧಿಕಾರಿಯಾದ ವ್ಯಾಂಕೂವರನ ಜನರು ಈ ತೀರವನ್ನು ಅಳೆಯುತ್ತ ಬಂದಾಗ ಒಂದು ಕಡೆ ಭಾರಿ ಹಿಮದ ಗೋಡೆಯೊಂದನ್ನು ಕಂಡರು. ಅಲ್ಲಿದ್ದ ಕೊಲ್ಲಿಯು ಐದು ಮೈಲಿಯ ಒಂದು ಬಾಗು ಮಾತ್ರವಾಗಿತ್ತು. ೧೮೭೯ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಶಾಸ್ತ್ರಜ್ಞನು ಟ್ಲಿಂಗಿಟ್ ಅಂಬಿಗರ ದೋಣಿಯಲ್ಲಿ ಅಲ್ಲಿಗೆ ಬರುವ ವೇಳೆಗೆ ಹಿಮವು ಮೂವತ್ತು ಮೈಲಿಗಿಂತಲೂ ಹೆಚ್ಚು ಹಿಂದಕ್ಕೆ ಸರಿದು ನಿಜವಾದ ಕೊಲ್ಲಿಯೇ ಉಂಟಾಗಿತ್ತು. ಇದೇ ಇಂದು ಹಿಮಕೊಲ್ಲಿಯೆಂಬ ಅರ್ಥದ ಗ್ಲೇಷಿಯರ್ ಬೇ ಎಂದು ಪ್ರಸಿದ್ಧವಾಗಿದೆ. ೧೮೮೩ರಲ್ಲಿ ಐಡಾಹೋ ಎಂಬ ಉಗಿಹಡಗು ಕೆಲವು ಪ್ರವಾಸಿಗಳೊಡನೆ ಈ ಕೊಲ್ಲಿಯನ್ನು ಹೊಕ್ಕಿತು. ಅದರಲ್ಲಿದ್ದ ಎಲೈಜಾ ಸಿಡ್ಮೋರ್ ಎಂಬ ಲೇಖಕಿಯು ೧೮೮೫ರಲ್ಲಿ ಅಲಾಸ್ಕಾ ತೀರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದಳು. ಅಲ್ಲಿಂದ ಮುಂದೆ ಹಿಮದರ್ಶನಕ್ಕಾಗಿ ಜನರು ಸಂಸಾರಸಮೇತರಾಗಿ ಬೇಸಗೆಯಲ್ಲಿ ಹಡಗು ಹತ್ತುವ ರೂಢಿಯು ಬೆಳೆಯಿತು. ಇಂದಿನ ಪ್ರವಾಸವು ಹೊಸದೇನೂ ಅಲ್ಲ. ನೂರನಲವತ್ತು ವರ್ಷಗಳ ಇತಿಹಾಸವುಳ್ಳದ್ದು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಎಡ್ವರ್ಡ್ ಹೆನ್ರಿ ಹ್ಯಾರಿಮನ್ ಎಂಬಾತನು ಆ ಕಾಲದ ಅಮೆರಿಕದ ರೈಲುದಾರಿಗಳ ಒಡೆಯರಲ್ಲಿ ಅಗ್ರಗಣ್ಯನು. ೧೮೯೯ರಲ್ಲಿ ಅವನಿಗೆ ಐವತ್ತೊಂದು ವರ್ಷ. ದುಡಿಮೆಯಿಂದ ದೇಹವು ಬಳಲಿದ್ದುದರಿಂದ ದೀರ್ಘವಾದ ವಿಶ್ರಾಂತಿಯು ಬೇಕೆಂದು ವೈದ್ಯರು ವಿಧಿಸಿದರು. ಅಲಾಸ್ಕಾದ ಕೋಡಿಯಾಕ್ ದ್ವೀಪದ ದೊಡ್ಡ ಕರಡಿಯನ್ನು ಬೇಟೆಯಾಡಬೇಕೆಂಬ ಆಸೆ ಅವನಿಗಿತ್ತು. ಹೆಂಡತಿಯನ್ನೂ ಐವರು ಮಕ್ಕಳನ್ನೂ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದನು. ಆದರೆ ಬರಿಯ ವಿಹಾರಕ್ಕಾಗಿ ಹಡಗೊಂದನ್ನು ಕೊಂಡೊಯ್ಯುವುದು ಅವನಿಗೆ ಸರಿಬೀಳಲಿಲ್ಲ. ಹಾರ್ಟ್ ಮೆರಿಯಮ್ ಎಂಬ ಪ್ರಾಣಿಶಾಸ್ತ್ರಜ್ಞನನ್ನು ಕಂಡು, ತನ್ನ ಹಡಗಿನಲ್ಲಿ ವಿದ್ವಾಂಸರ ಒಂದು ಮಂಡಲಿಯು ಬರಬೇಕು, ವೆಚ್ಚವೆಲ್ಲ ತನ್ನದು ಎಂದು ತಿಳಿಸಿದನು. ಮೆರಿಯಮನು ಮೊದಲು ನಂಬಲಿಲ್ಲವಾದರೂ ಕಡೆಗೆ ಒಪ್ಪಿ ಆಹ್ವಾನಗಳನ್ನು ಕಳುಹಿಸಿದನು.

ಆ ಮಂಡಲಿಯನ್ನು ಕಂಡರೆ ಯಾವ ವಿಶ್ವವಿದ್ಯಾನಿಲಯಕ್ಕಾದರೂ ಅಸೂಯೆಯಾಗಬೇಕು. ಹಿಮನದಿಗಳ ವಿಷಯದಲ್ಲಿ ಪರಿಣತರಾದ ಮ್ಯೂರನೂ ಗಿಲ್ಬರ್ಟನೂ ಇದ್ದರು. ಪ್ರಕೃತಿವರ್ಣನೆಯಲ್ಲಿ ಹೆಸರಾಂತ ಜಾನ್ ಬರೋಸ್, ಅಲಾಸ್ಕಾವನ್ನು ಹಿಂದೆಯೇ ಬಲ್ಲ ವಿಲಿಯಮ್ ಡಾಲ್, ಮೂಲನಿವಾಸಿಗಳ ವಿಚಾರವನ್ನು ಬಲ್ಲ ಜಾರ್ಜ್ ಬರ್ಡ್ ಗ್ರಿನೆಲ್, ಹಕ್ಕಿಗಳ ಚಿತ್ರಕಾರನಾದ ಫ್ಯುಯೆರ್ಟೆಸ್, ಆಗಿನ್ನೂ ತರುಣನಾಗಿದ್ದು ಮುಂದೆ ಲೋಕಪ್ರಸಿದ್ಧನಾದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್, ಇವರೆಲ್ಲರೂ ಬಂದರು. ಹಡಗಿನ ಹೆಸರು ಜಾರ್ಜ್ ಡಬ್ಲ್ಯು. ಎಲ್ಡರ್. ಸಿಬ್ಬಂದಿ, ವೈದ್ಯರು, ಬೇಟೆಗಾರರು, ಅಡಿಗೆಯವರು ಎಲ್ಲರೂ ಸೇರಿ ೧೨೬ ಜನ. ಐದುನೂರಕ್ಕೂ ಮಿಕ್ಕ ಪುಸ್ತಕಗಳ ಭಂಡಾರವೂ, ಹಾಡನ್ನು ಹಿಡಿದಿಡುವ ಯಂತ್ರವೂ ಇದ್ದುವು. ಆಹಾರಕ್ಕಾಗಿ ಹೋರಿಗಳು, ಕುರಿಗಳು, ಕೋಳಿಗಳು, ಹಾಲಿಗಾಗಿ ಒಂದು ಹಸು, ಇವೂ ಸಹಪ್ರಯಾಣಿಕರಾಗಿದ್ದುವು. ಮೇ ೩೧ರಂದು ಸಿಯಾಟಲನ್ನು ಬಿಟ್ಟ ಹಡಗು ಸುಮಾರು ಒಂಬತ್ತು ಸಾವಿರ ಮೈಲಿಗಳನ್ನು ಸುತ್ತಿ ಜುಲೈ ೩೦ರಂದು ಹಿಂದಿರುಗಿತು.

ಮಕ್ಕಳ ವಿಚಾರವನ್ನು ಬಿಡಿಸಿ ಹೇಳಬೇಕು. ಹಿರಿಯವಳಾದ ಮೇರಿಗೆ ಹದಿನೇಳು ವರ್ಷ, ಕಾರ್ನೀಲಿಯಾಳಿಗೆ ಹದಿನೈದರ ಆಜುಬಾಜು, ಕ್ಯಾರೊಲಳಿಗೆ ಹತ್ತು, ಏವ್ರೆಲ್ ಎಂಬ ಹುಡುಗನಿಗೆ ಏಳು, ಕಡೆಯ ರೋಲಂಡನಿಗೆ ಮೂರು. ಮೇರಿ, ಕಾರ್ನೀಲಿಯಾ, ಅವರ ಬಂಧುವಾದ ಒಬ್ಬ ಹುಡುಗಿ, ಗೆಳತಿಯೊಬ್ಬಳು, ಈ ನಾಲ್ವರೂ ಸದಾ ಒಟ್ಟಾಗಿ ಓಡಾಡುತ್ತಿದ್ದುದರಿಂದ ಇವರಿಗೆ 'ದೊಡ್ಡ ನಾಲ್ವರು' ಎಂಬ ಹೆಸರು ನಿಂತಿತು. ಅರುವತ್ತು ದಾಟಿದ್ದ ಗಡ್ಡದ ಮ್ಯೂರನಿಗೂ ಈ ಹುಡುಗಿಯರಿಗೂ ಗಾಢವಾದ ಸ್ನೇಹವು ಬೆಳೆಯಿತು. ಯಾತ್ರೆ ಮುಗಿದ ಮೇಲೆ ಅವರು ಅವನಿಗೆ ಒಟ್ಟಾಗಿ ಕಾಗದ ಬರೆದರು. ಅವನೂ ಪ್ರೀತಿಯಿಂದ ಉತ್ತರವಿತ್ತನು. ಸಂಜೆಯ ವೇಳೆ ಹಡಗಿನಲ್ಲಿ ಉಪನ್ಯಾಸಗಳು ನಡೆಯುತ್ತಿದ್ದುವು. ಒಂದು ದಿನ ಹಿಮನದಿ, ಇನ್ನೊಂದು ದಿನ ತಿಮಿಂಗಿಲ, ಮತ್ತೊಂದು ದಿನ ಕಾಡಿನ ಮರಗಳು. ಹಗಲು ಕಣ್ಣಿನಿಂದ ಕಂಡುದಕ್ಕೆ ರಾತ್ರಿ ವ್ಯಾಖ್ಯಾನ. ನಮ್ಮ ಪಾಠಶಾಲೆಯಲ್ಲಿ ಮೂಲವನ್ನೋದಿಸಿ ಆಮೇಲೆ ಟೀಕೆಯನ್ನು ಹೇಳುತ್ತಿದ್ದ ಕ್ರಮವು ಇದೇ ಅಲ್ಲವೆ?

ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾರೆ. ಹ್ಯಾರಿಮನನ ಐಶ್ವರ್ಯವನ್ನು ಯಾರೋ ಹೊಗಳುತ್ತಿರಲು ಮ್ಯೂರನು, ಅವನು ನನ್ನಷ್ಟು ಸಿರಿವಂತನಲ್ಲ, ಏಕೆಂದರೆ ನನಗೆ ಬೇಕಾದಷ್ಟು ನನ್ನಲ್ಲಿದೆ, ಅವನಿಗೆ ಇನ್ನೂ ಬೇಕಾಗಿದೆ ಎಂಬ ಅರ್ಥದ ಮಾತನ್ನಾಡಿದನು. ಈ ಮಾತು ಹ್ಯಾರಿಮನನ ಕಿವಿಗೆ ಬಿದ್ದಿತು. ಅವನು ಕೋಪಿಸಿಕೊಳ್ಳದೆ ಮ್ಯೂರನ ಬಳಿ ಬಂದು ಕುಳಿತು, ತನಗೆ ಹಣದ ಮೇಲಲ್ಲ, ಕೆಲಸದ ಮೇಲೆ ಪ್ರೀತಿಯೆಂದು ಹೇಳಿದನಂತೆ. ಅದೇ ಹ್ಯಾರಿಮನನು ಹಡಗಿನ ಅಟ್ಟದ ಮೇಲೆ ಪುಟ್ಟ ರೋಲಂಡನ ಜತೆಗೆ ಆಟದ ದೋಣಿಯೊಂದನ್ನು ದಾರ ಕಟ್ಟಿ ಎಳೆದುಕೊಂಡು ಓಡುತ್ತಿದ್ದುದನ್ನು ಮ್ಯೂರನು ನೆನಪಿಟ್ಟು ಬರೆದಿದ್ದಾನೆ. ರೈಲುದಾರಿಗಳ ಚಕ್ರವರ್ತಿಯು ತಂದೆಯಾಗಿ ಕಾಣಿಸಿಕೊಳ್ಳಲು ಎರಡು ತಿಂಗಳ ಹಡಗುವಾಸವೇ ಬೇಕಾಯಿತು.

ಜೂನ್ ತಿಂಗಳಿನಲ್ಲಿ ಹಡಗು ಹಿಮಕೊಲ್ಲಿಯಲ್ಲಿ ಕೆಲವು ದಿನ ನಿಂತಿತು. ಅಲ್ಲಿಂದ ಹದಿನೆಂಟು ಮೈಲಿ ಒಳಗೆ ತೋಳಗಳು ಊಳಿಡುವ ಕಣಿವೆಯೊಂದಿದೆಯೆಂದು ಮ್ಯೂರನು ಹೇಳಿದ್ದನ್ನು ನಂಬಿ ಹ್ಯಾರಿಮನನು ಬೇಟೆಗಾರರೊಡನೆ ಹಿಮದ ಮೇಲೆ ನಡೆದುಹೋಗಿ, ಒಂದು ಕರಡಿಯನ್ನೂ ಕಾಣದೆ ಕಾಲು ನೋಯಿಸಿಕೊಂಡು ಬಂದನು. ಪ್ರಿನ್ಸ್ ವಿಲಿಯಮ್ ಸೌಂಡ್ ಎಂಬ ದೊಡ್ಡ ಕೊಲ್ಲಿಯಲ್ಲಿ, ನಕ್ಷೆಯಲ್ಲಿಲ್ಲದ ಕಿರಿದಾದ ದಾರಿಯೊಂದರ ಮುಂದೆ ಹಡಗಿನ ಮಾರ್ಗದರ್ಶಕನು ಹಿಂಜರಿದಾಗ, ಹೊಣೆಯು ನನ್ನದು, ಮುಂದೆ ನಡೆಸಿರಿ ಎಂದು ಹ್ಯಾರಿಮನನು ಆಜ್ಞಾಪಿಸಿದನು. ಹಡಗು ಒಳಹೊಕ್ಕಾಗ ಹಿಮನದಿಗಳಿಂದ ಸುತ್ತುವರಿದ ಹೊಸದೊಂದು ಕೊಲ್ಲಿಯೇ ಕಾಣಿಸಿತು. ಇಂದಿಗೂ ಅದಕ್ಕೆ ಹ್ಯಾರಿಮನ್ ಫಿಯರ್ಡ್ ಎಂದು ಹೆಸರು. ಜುಲೈ ಮೊದಲ ವಾರದಲ್ಲಿ ಕೋಡಿಯಾಕಿನಲ್ಲಿ ಅವನ ಆಸೆಯೂ ಕೈಗೂಡಿತು. ಆದರೆ ಬಿದ್ದದ್ದು ಒಂದು ತಾಯಿಕರಡಿ ಮತ್ತು ಅದರ ಮರಿ. ಮ್ಯೂರನಿಗೆ ಇದರಿಂದ ಸಂತೋಷವಾಗಲಿಲ್ಲ. ಆಮೇಲೆ ಗೃಹಿಣಿಗೆ ಸೈಬೀರಿಯಾವನ್ನು ನೋಡುವ ಇಚ್ಛೆಯಿದ್ದುದರಿಂದ ಹಡಗು ಬೇರಿಂಗ್ ಸಮುದ್ರವನ್ನು ದಾಟಿ ರಷ್ಯದ ತೀರವನ್ನೂ ಮುಟ್ಟಿ ಬಂದಿತು. ಅಂದು ಆ ಯಾತ್ರೆಯಲ್ಲಿದ್ದ ಏಳು ವರ್ಷದ ಏವ್ರೆಲನು ೧೯೪೩ರಿಂದ ೧೯೪೬ರ ವರೆಗೆ ಮಾಸ್ಕೋ ನಗರದಲ್ಲಿ ಅಮೆರಿಕದ ರಾಯಭಾರಿಯಾಗಿದ್ದನು.

ಇಲ್ಲಿಯವರೆಗೆ ಈ ಯಾತ್ರೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ಕೊರತೆಯಿರಲಿಲ್ಲ. ಸಾವಿರಾರು ಛಾಯಾಚಿತ್ರಗಳು ತೆಗೆಯಲ್ಪಟ್ಟುವು. ಶಾಸ್ತ್ರಕ್ಕೆ ಹೊಸದಾದ ನೂರಾರು ಜೀವಜಾತಿಗಳು ದೊರೆತುವು. ಯಾತ್ರೆಯ ಫಲವಾಗಿ ಮುಂದಿನ ವರ್ಷಗಳಲ್ಲಿ ಹಲವು ದೊಡ್ಡ ಸಂಪುಟಗಳು ಪ್ರಕಟವಾದುವು. ಮೂರನೆಯದಾದ ನಮಸ್ಕಾರದ ಗತಿಯೇನಾಯಿತು?

ಜುಲೈ ೨೬ರಂದು, ಮನೆಯ ದಾರಿ ಹಿಡಿದಿದ್ದ ಹಡಗು ಕೇಪ್ ಫಾಕ್ಸ್ ಎಂಬ ಟ್ಲಿಂಗಿಟ್ ಗ್ರಾಮದ ಮುಂದೆ ಲಂಗರು ಹಾಕಿತು. ಮನೆಗಳಿದ್ದುವು, ಅವುಗಳ ಮುಂದೆ ಎತ್ತರವಾದ ಕಂಬಗಳಿದ್ದುವು, ಜನರಿರಲಿಲ್ಲ. ಗ್ರಾಮದವರು ಕೆಲವು ವರ್ಷಗಳ ಹಿಂದೆ ಶಾಲೆ ಮೊದಲಾದ ಅನುಕೂಲಗಳಿದ್ದ ಸ್ಯಾಕ್ಸ್‌ಮನ್ ಎಂಬ ಹೊಸ ಊರಿಗೆ ಹೋಗಿ ನೆಲಸಿದ್ದರು. ಊರು ಪಾಳುಬಿದ್ದಿದೆ, ಒಡೆಯರಿಲ್ಲ, ಮಳೆಯಲ್ಲಿ ಕೊಳೆಯುವುದಕ್ಕಿಂತ ವಸ್ತುಸಂಗ್ರಹಾಲಯದಲ್ಲಿ ಉಳಿಯುವುದು ಮೇಲು ಎಂದು ನಮ್ಮ ವಿದ್ವಾಂಸರು ತರ್ಕಿಸಿದರು. ಕಂಬಗಳನ್ನು ಕಿತ್ತು ಮರದ ಮೇಲೆ ಉರುಳಿಸಿ ಹಡಗಿಗೆ ಸಾಗಿಸಿದರು. ಮನೆಯೊಳಗಿನ ಕೆತ್ತನೆಗಳೂ ಹೊದಿಕೆಗಳೂ ಹೋದುವು. ಅವರು ಕಳ್ಳರಲ್ಲ, ತಮ್ಮ ಕಾಲದ ಶ್ರೇಷ್ಠ ವಿದ್ವಾಂಸರು. ಅದರಿಂದಲೇ ಈ ಕಥೆಯು ನಮ್ಮನ್ನು ಹೆಚ್ಚಾಗಿ ಕಾಡಬೇಕು. ಒಂದು ಕಾಗದ ಬರೆದು ಕೇಳೋಣ, ಇವು ಯಾರವು ಎಂದು ವಿಚಾರಿಸೋಣ ಎನ್ನುವ ಮಾತಿಗೆ ಅಂದು ಬೆಲೆ ಬರಲಿಲ್ಲ. ಐವರು ಮಕ್ಕಳೂ ಅದೇ ಹಡಗಿನಲ್ಲಿದ್ದರು. ಎರಡು ತಿಂಗಳು ಕೇಳಿದ ಉಪನ್ಯಾಸಗಳ ಕೊನೆಯಲ್ಲಿ ಅವರಿಗೆ ದೊರೆತ ಕಡೆಯ ಪಾಠವು ಇದು. ಬಾಯಿಂದ ಹೇಳಿದ್ದಲ್ಲ, ಕೈಯಿಂದ ಮಾಡಿ ತೋರಿಸಿದ್ದು.

ಇದನ್ನು ಓದುತ್ತಿದ್ದಾಗ ನನ್ನ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟೆನು. ಏಕೆಂದರೆ ನನ್ನದೂ ಒಂದು ಕೇಪ್ ಫಾಕ್ಸ್ ಉಂಟು. ೧೯೮೯ರಲ್ಲಿ ಒಂಬತ್ತನೆಯ ತರಗತಿಯ ಹುಡುಗರನ್ನು ನಮ್ಮ ಜಿಲ್ಲೆಯದೇ ಒಂದು ಹಾಳು ದೇವಾಲಯಕ್ಕೆ ಕರೆದೊಯ್ದಿದ್ದೆನು. ಹಿಂದಿರುಗುವಾಗ ಹೊಲದ ಬದುವಿನಲ್ಲಿ ಮುರಿದ ವೀರಗಲ್ಲಿನ ಮೇಲುಭಾಗವೊಂದು ಮಕ್ಕಳ ಕಣ್ಣಿಗೆ ಬಿದ್ದಿತು. ನೇಗಿಲಿಗೆ ಸಿಕ್ಕಿ ಹಾಳಾದೀತೆಂದು ಹೇಳಿ ಅದನ್ನು ಬಸ್ಸಿನಲ್ಲಿ ಹೊರಿಸಿಕೊಂಡು ಬಂದು ಶಾಲೆಯ ಬೀರುವಿನ ಪಕ್ಕದಲ್ಲಿರಿಸಿ, ಅಂದವಾದ ಅಕ್ಷರಗಳಲ್ಲಿ ಚೀಟಿಯನ್ನೂ ಅಂಟಿಸಿದೆನು. ನನಗೆ ಅದರಿಂದ ಹೆಮ್ಮೆಯಾಗಿತ್ತು. ಏಳು ವರ್ಷಗಳ ತರುವಾಯ ಮಗನನ್ನು ಶಾಲೆಗೆ ಸೇರಿಸಲು ಬಂದ ರೈತನೊಬ್ಬನು ಆ ಕಲ್ಲಿನ ಮುಂದೆ ತಟ್ಟನೆ ನಿಂತು ಕೈಮುಗಿದನು. "ಇದು ನಮ್ಮ ಹಿರೀಕರದು, ಮೇಷ್ಟ್ರೇ. ವರ್ಷಕ್ಕೊಂದು ಸಲ ಯುಗಾದೀಲಿ ಎಣ್ಣೆ ಹಚ್ಚಿ ಹೂ ಇಡ್ತಿದ್ವಿ. ಎಲ್ಲಿಗೆ ಹೋಯ್ತೋ ಅಂತ ನಮ್ಮಪ್ಪ ಸಾಯೋವರೆಗೂ ಹುಡುಕಿದ" ಎಂದನು. ಬೈಯಲಿಲ್ಲ, ಕೇಳಲೂ ಇಲ್ಲ. ಆ ಕಲ್ಲನ್ನು ಮರುವಾರವೇ ಹುಡುಗರೊಡನೆ ಎತ್ತಿನ ಗಾಡಿಯಲ್ಲಿ ಒಯ್ದು ಅದೇ ಬದುವಿನಲ್ಲಿ ನಿಲ್ಲಿಸಿ ಬಂದೆವು. ಆದರೆ ೧೯೮೯ರ ಹುಡುಗರು ಅಷ್ಟು ಹೊತ್ತಿಗೆ ಶಾಲೆಯನ್ನು ಬಿಟ್ಟು ಚದುರಿಹೋಗಿದ್ದರು. ಪಾಳು ಎಂದು ಕಂಡದ್ದು ಯಾರಿಗೂ ಸೇರದು ಎಂದು ನಾನು ಅವರಿಗೆ ಕಲಿಸಿಬಿಟ್ಟಿದ್ದೆನು. ಅದನ್ನು ತಿದ್ದುವ ಅವಕಾಶವು ನನಗೆ ಮತ್ತೆ ದೊರೆಯಲಿಲ್ಲ.

ಕೇಪ್ ಫಾಕ್ಸಿನ ಕಂಬಗಳು ಹಿಂದಿರುಗಲು ಏಳು ವರ್ಷವಲ್ಲ, ನೂರ ಎರಡು ವರ್ಷಗಳಾದುವು. ಅವು ಅಮೆರಿಕದ ಹಲವು ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿದ್ದುವು. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಅವರಿಗೆ ಹಿಂದಿರುಗಿಸಬೇಕೆಂಬ ಶಾಸನವು ಅಲ್ಲಿ ೧೯೯೦ರಲ್ಲಿ ಆಯಿತು. ೨೦೦೧ರ ಜುಲೈ ತಿಂಗಳಿನಲ್ಲಿ, ಹ್ಯಾರಿಮನನ ಮಾರ್ಗವನ್ನೇ ಅನುಸರಿಸಿ ಹೊರಟ ವಿದ್ವಾಂಸರ ಇನ್ನೊಂದು ಹಡಗುಯಾತ್ರೆಯ ಸಂದರ್ಭದಲ್ಲಿ, ಆ ಕಂಬಗಳೂ ಕೆತ್ತನೆಗಳೂ ಅದೇ ಕುಲದವರ ಕೈಸೇರಿದುವು. ಮೊದಲನೆಯ ಹಡಗು ಕೊಂಡೊಯ್ದದ್ದನ್ನು ಒಪ್ಪಿಸುವ ಸಮಾರಂಭಕ್ಕೆ ಎರಡನೆಯ ಹಡಗು ಸಾಕ್ಷಿಯಾಯಿತು. ಆಮೇಲೆ ನಡೆದುದು ಇದಕ್ಕಿಂತಲೂ ದೊಡ್ಡದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪೀಬಾಡಿ ಸಂಗ್ರಹಾಲಯವು ತನ್ನಲ್ಲಿದ್ದ ಕಂಬವನ್ನು ಹಿಂದಕ್ಕೆ ಕೊಟ್ಟಾಗ, ಕಳೆದುಕೊಂಡವರೇ ಆ ಸಂಗ್ರಹಾಲಯಕ್ಕೆ ಒಂದು ಸಿಡಾರ್ ಮರದ ದಿಮ್ಮಿಯನ್ನು ದಾನಮಾಡಿದರು. ಟ್ಲಿಂಗಿಟ್ ಶಿಲ್ಪಿಯಾದ ನೇಥನ್ ಜ್ಯಾಕ್ಸನ್ ಅದರಲ್ಲಿ ಹೊಸ ಕಂಬವನ್ನು ಕೆತ್ತಿಕೊಟ್ಟನು. ಕೇಳಿದ್ದರೆ ೧೮೯೯ರಲ್ಲಿಯೂ ಹೀಗೆಯೇ ಕೊಡುತ್ತಿದ್ದರೇನೋ, ಯಾರು ಬಲ್ಲರು! ಕೇಳಿದವರಿರಲಿಲ್ಲ.

ಆ ಮಕ್ಕಳ ಮುಂದಿನ ಬಾಳು ಏನಾಯಿತೆಂದು ಓದುಗರು ಕೇಳಬಹುದು. ಹಿರಿಯವಳಾದ ಮೇರಿಯು ೧೯೦೧ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತನ್ನಂಥ ಸಿರಿವಂತ ಮನೆತನಗಳ ಹುಡುಗಿಯರನ್ನು ಕೂಡಿಸಿ ಬಡವರ ಸೇವೆಗಾಗಿ ಜೂನಿಯರ್ ಲೀಗ್ ಎಂಬ ಸಂಘವನ್ನು ಸ್ಥಾಪಿಸಿದಳು. ೧೯೩೩ರಲ್ಲಿ ಅಧ್ಯಕ್ಷ ರೂಸ್‌ವೆಲ್ಟನ ಸರಕಾರದಲ್ಲಿ, ಬಳಕೆದಾರರ ಹಿತವನ್ನು ನೋಡಿಕೊಳ್ಳತಕ್ಕ ಮಂಡಲಿಯ ಅಧ್ಯಕ್ಷೆಯಾದಳು. ತಂದೆಯಾದ ಹ್ಯಾರಿಮನನು ಯಾಸೆಮಿಟಿ ಕಣಿವೆಯ ರಕ್ಷಣೆಗಾಗಿ ಮ್ಯೂರನು ನಡೆಸಿದ ಪ್ರಯತ್ನಕ್ಕೆ ತನ್ನ ಪ್ರಭಾವದಿಂದ ನೆರವಾದನು. ೧೯೦೯ರಲ್ಲಿ ಅವನು ತೀರಿಕೊಂಡ ಮೇಲೆ ಮ್ಯೂರನು ಅವನನ್ನು ಕುರಿತು ೧೯೧೧ರಲ್ಲಿ ಚಿಕ್ಕದೊಂದು ಪುಸ್ತಕವನ್ನು ಬರೆದನು. ಇವೆಲ್ಲವೂ ಹಡಗುಯಾತ್ರೆಯ ಫಲವೆಂದು ಹೇಳುವುದು ಅತಿಶಯವಾದೀತು. ಆದರೆ ಆ ಎರಡು ತಿಂಗಳ ಸಹವಾಸವು ವ್ಯರ್ಥವಾಗಲಿಲ್ಲವೆಂದು ಮಾತ್ರ ಹೇಳಬಹುದು.

ಪ್ರಕೃತಿಯೂ ತನ್ನ ಪಾಠವನ್ನು ಹೇಳದೆ ಇರಲಿಲ್ಲ. ಹ್ಯಾರಿಮನನ ಹಡಗು ಹಿಂದಿರುಗಿ ಎರಡು ತಿಂಗಳೂ ಆಗಿರಲಿಲ್ಲ. ೧೮೯೯ರ ಸೆಪ್ಟೆಂಬರಿನಲ್ಲಿ ಯಾಕುಟಾಟ್ ಪ್ರಾಂತದಲ್ಲಿ ಮಹಾಭೂಕಂಪವಾಯಿತು. ಮಕ್ಕಳು ಜೂನ್ ತಿಂಗಳಿನಲ್ಲಿ ನೋಡಿದ್ದ ಮ್ಯೂರ್ ಹಿಮನದಿಯ ಮುಖವು ಒಡೆದು ನುಚ್ಚಾಗಿ ಕೊಲ್ಲಿಯೆಲ್ಲ ಗಡ್ಡೆಗಳಿಂದ ತುಂಬಿಹೋಯಿತು. ಅನೇಕ ವರ್ಷಗಳ ಕಾಲ ಪ್ರವಾಸಿಗಳ ಹಡಗುಗಳು ಅದರ ಹತ್ತಿರ ಸುಳಿಯಲಾಗಲಿಲ್ಲ. ಇಂದು ಆ ಹಿಮನದಿಯು ಸಮುದ್ರವನ್ನು ಮುಟ್ಟುವುದೇ ಇಲ್ಲ. ೧೭೯೪ರಲ್ಲಿ ಬಾಯಿಯಲ್ಲಿಯೇ ಮುಚ್ಚಿದ್ದ ಕೊಲ್ಲಿಯು ೧೯೧೬ರ ವೇಳೆಗೆ ಅರುವತ್ತು ಮೈಲಿಯಷ್ಟು ತೆರೆದಿತ್ತು. ಆ ಪ್ರದೇಶವು ೧೯೨೫ರಲ್ಲಿ ಸಂರಕ್ಷಿತ ಸ್ಮಾರಕವೂ, ೧೯೮೦ರಲ್ಲಿ ರಾಷ್ಟ್ರೀಯೋದ್ಯಾನವೂ ಆಯಿತು. ಬೇಸಗೆಯಲ್ಲಿ ದಿನಕ್ಕೆ ಎರಡು ದೊಡ್ಡ ವಿಹಾರನೌಕೆಗಳಿಗಿಂತ ಹೆಚ್ಚಿಗೆ ಒಳಗೆ ಬಿಡಬಾರದೆಂದು ಕಟ್ಟುಪಾಡು ಇದೆ. ಮೂವತ್ತೆರಡು ಸಾವಿರದಷ್ಟು ಜನಸಂಖ್ಯೆಯುಳ್ಳ ಜೂನೋ ಪಟ್ಟಣಕ್ಕೆ ಈಚಿನ ವರ್ಷಗಳಲ್ಲಿ ಒಂದೊಂದು ಬೇಸಗೆಯಲ್ಲಿ ಹದಿನೈದು ಲಕ್ಷಕ್ಕೂ ಮಿಕ್ಕ ಪ್ರವಾಸಿಗಳು ಹಡಗಿನಿಂದ ಇಳಿದುದರಿಂದ, ದಿನಕ್ಕೆ ಐದು ದೊಡ್ಡ ಹಡಗುಗಳೆಂಬ ಮಿತಿಯು ೨೦೨೪ರಿಂದ ಅಲ್ಲಿಯೂ ಬಂದಿದೆ. ನೋಡಲು ಬರುವವರ ಭಾರವೂ ಒಂದು ಭಾರವೇ.

ಹಿಮಕೊಲ್ಲಿಯನ್ನು ತಮ್ಮ ತವರೆಂದು ತಿಳಿಯುವ ಹೂನಾ ಟ್ಲಿಂಗಿಟರಲ್ಲಿ ಒಂದು ಕಥೆಯನ್ನು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಕಾಸ್ಟೀನ್ ಎಂಬ ಹುಡುಗಿಯು ಮೈನೆರೆದ ಕಾಲದಲ್ಲಿ ಆಚಾರದಂತೆ ಒಂಟಿಯಾಗಿ ಕೂಡಿಸಲ್ಪಟ್ಟಿದ್ದಳು. ಬೇಸರದಿಂದ ಅವಳು ದೂರದ ಹಿಮನದಿಯನ್ನು ನಾಯಿಯನ್ನು ಕರೆಯುವಂತೆ ಕರೆದಳು. ಅದು ಬಂದೇಬಂದಿತು, ಊರನ್ನೇ ನುಂಗಲು ಬಂದಿತು. ಜನರೆಲ್ಲರೂ ದೋಣಿಗಳಲ್ಲಿ ಹೊರಟರು. ತವರನ್ನು ಕಾಯಲು ಒಬ್ಬಳು ಹಿಂದೆ ಉಳಿದಳು. ಹದಿಹರೆಯದ ಬೇಸರವು ಎಷ್ಟು ದೊಡ್ಡ ಶಕ್ತಿಯೆಂಬುದನ್ನು ಆ ಜನರು ಚೆನ್ನಾಗಿ ಬಲ್ಲವರು! ಕೊಲ್ಲಿಯನ್ನು ಹಿಮವು ಬಿಟ್ಟ ಮೇಲೂ ಅವರಿಗೆ ಅಲ್ಲಿ ಮನೆಯಿರಲಿಲ್ಲ. ೨೦೧೬ರಲ್ಲಿ ಆ ಉದ್ಯಾನದೊಳಗೆ ಬಾರ್ಟ್‌ಲೆಟ್ ಕೋವ್ ಎಂಬಲ್ಲಿ ಅವರ ಕುಲಗಳಿಗೆಲ್ಲ ಸಾಮಾನ್ಯವಾದ ಹಿರಿಯ ಮನೆಯೊಂದು ಪ್ರತಿಷ್ಠಿತವಾಯಿತು. ಈಗ ಹಡಗುಗಳು ಕೊಲ್ಲಿಗೆ ಬಂದಾಗ ಉದ್ಯಾನದ ಅಧಿಕಾರಿಗಳು ಹಡಗನ್ನೇರಿ ವಿವರಣೆ ನೀಡುತ್ತಾರೆ. ಹೂನಾ ಜನರೂ ಬಂದು ತಮ್ಮ ಕಥೆಯನ್ನು ತಮ್ಮ ಬಾಯಿಂದಲೇ ಹೇಳುವುದುಂಟು.

ನನ್ನ ಮಗಳಿಗೆ ಬರೆದ ಉತ್ತರದ ಸಾರಾಂಶವಿಷ್ಟು. ಮಕ್ಕಳು ಮುಖ ಗಂಟಿಕ್ಕಿಕೊಂಡರೆ ಇಕ್ಕಿಕೊಳ್ಳಲಿ. ಬೆಚ್ಚನೆಯ ಉಡುಪನ್ನು ಹೊದಿಸಿ ಹಡಗಿನ ಅಟ್ಟದ ಮೇಲೆ ನಿಲ್ಲಿಸು. ಹಿಮವು ಕಳಚಿ ಬೀಳುವ ಗುಡುಗು ಕೇಳಿದಾಗ ಅವರಾಗಿಯೇ ಇದೇನೆಂದು ಕೇಳುತ್ತಾರೆ. ಅವರು ಕೇಳುವುದಕ್ಕೆ ಮೊದಲೇ ಹೇಳಬೇಡ. ಕೇಳಿದ ಮೇಲೆ ತಿಳಿದವರಿಂದ ಹೇಳಿಸು. ಆ ತೀರದವರೇ ಹೇಳಿದರೆ ಇನ್ನೂ ಲೇಸು. ದಡಕ್ಕಿಳಿದಾಗ ಕಲ್ಲಾಗಲಿ ಗರಿಯಾಗಲಿ ಕೈಗೆತ್ತಿಕೊಂಡರೆ, ಇದು ಯಾರದು ಎಂದು ಒಂದು ಮಾತು ಕೇಳು. ಕಡೆಗೆ ಹಡಗು ಹಿಂದಿರುಗುವಾಗ ಒಂದು ಕ್ಷಣ ಕೈಮುಗಿದು ನಿಲ್ಲು. ಅವರೂ ಮುಗಿಯಬೇಕೆಂದು ಬಲವಂತ ಮಾಡಬೇಡ. ನೀನು ಮುಗಿದುದನ್ನು ಅವರು ನೋಡಿದರೆ ಸಾಕು.

ಆಗಸ್ಟಿನಲ್ಲಿ ಮಗಳಿಂದ ಕಾಗದ ಬಂದಿತು. ಮೂರನೆಯ ದಿನದಿಂದ ಹುಡುಗಿಯು ಅಟ್ಟದ ಮೇಲಿಂದ ಇಳಿಯಲೇ ಇಲ್ಲವಂತೆ. ಹುಡುಗನು ಮಾತ್ರ ಹಡಗಿನ ಊಟವನ್ನೇ ಹೆಚ್ಚಾಗಿ ವರ್ಣಿಸುತ್ತಾನೆಂದು ಬರೆದಿದ್ದಾಳೆ. ಅದಕ್ಕೂ ನನ್ನ ಆಕ್ಷೇಪಣೆಯಿಲ್ಲ. ಕೆಳಗೆ ಹುಡುಗಿಯ ಕೈಯಿಂದ, ಸೊಟ್ಟಂಬಟ್ಟ ಕನ್ನಡದಲ್ಲಿ, ಒಂದೇ ಸಾಲು ಇತ್ತು: "ಅಜ್ಜ, ಆ ಕಲ್ಲು ಈಗಲೂ ಅಲ್ಲೇ ಇದೆಯಾ? ನಾನು ಬಂದಾಗ ತೋರಿಸಬೇಕು."